ಇರುಳುಗಿಳಿಯ ಕಾವಲುಗಾರರು

ಗಿಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಎಲ್ಲರಿಗೂ ಗೊತ್ತಿರುವುದೇ: ಹಸುರು ಮೈ, ಕೆಂಪು ಕೊಕ್ಕು, ಸೀಬೆಯ ತೋಟದಿಂದ ಜೋಳದ ಹೊಲಕ್ಕೆ ಕಿರುಚುತ್ತ ಹಾರಿಹೋಗುವ ಹಿಂಡು. ಆದರೆ ಹಾರಲು ಬಾರದ ಗಿಳಿಯೊಂದುಂಟು; ಅದು ಹಗಲೆಲ್ಲ ಅಡಗಿದ್ದು ರಾತ್ರಿಯಲ್ಲಿ ಕಾಡಿನ ನೆಲದ ಮೇಲೆ ನಡೆದಾಡುವುದು; ಅದರ ಗಂಡು ನಾಲ್ಕು ಕಿಲೋಗ್ರಾಮ್‌ನಷ್ಟು ತೂಗಬಲ್ಲುದು ಎಂದರೆ ವಾಚಕರು ನಂಬಲು ಹಿಂಜರಿಯಬಹುದು. ಅಂಥ ಗಿಳಿ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಭಾಷೆಯಲ್ಲಿ 'ಕಾಕಾ' ಎಂದರೆ ಗಿಳಿ, 'ಪೋ' ಎಂದರೆ ರಾತ್ರಿ. ಎರಡೂ ಸೇರಿ 'ಕಾಕಾಪೋ', ಅಂದರೆ ಇರುಳುಗಿಳಿ.

ಲೋಕದ ಗಿಳಿಗಳಲ್ಲೆಲ್ಲ ಹೆಚ್ಚು ಭಾರವಾದ ಈ ಹಕ್ಕಿ 1995ರ ವೇಳೆಗೆ ಕೇವಲ 51 ಉಳಿದಿತ್ತು. 2022ರಲ್ಲಿ ಅದರ ಸಂಖ್ಯೆ 252ಕ್ಕೆ ಏರಿತು. ಈ ಏರಿಕೆ ತಾನಾಗಿ ಆದುದಲ್ಲ. ವಿಜ್ಞಾನಿಗಳೂ ಸರ್ಕಾರದ ಅರಣ್ಯ ನೌಕರರೂ ಇದಕ್ಕೆ ಕಾರಣರೆಂಬುದು ನಿಜ. ಆದರೆ ಅವರ ಜೊತೆಗೆ, ಸಂಬಳವಿಲ್ಲದೆ ದುಡಿದ ಸಾಮಾನ್ಯ ಜನರ ಒಂದು ಪಡೆಯೂ ಇತ್ತು. ಅವರು ಮಾಡಿದ ಕೆಲಸವೇನು, ಅದರಿಂದ ವಿಜ್ಞಾನಕ್ಕೆ ದೊರೆತ ಪಾಠವೇನು ಎಂಬುದನ್ನು ಇಲ್ಲಿ ನೋಡೋಣ.

ಸದ್ಗುಣವೇ ಮುಳುವಾದ ಬಗೆ

ನ್ಯೂಜಿಲೆಂಡ್ ಬಹು ದೀರ್ಘಕಾಲ ಉಳಿದ ಭೂಭಾಗಗಳಿಂದ ಬೇರ್ಪಟ್ಟಿದ್ದ ನಾಡು. ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಸ್ತನಿಗಳು ಅಲ್ಲಿ ಸ್ವಾಭಾವಿಕವಾಗಿ ಇರಲಿಲ್ಲ. ಕಾಕಾಪೋಗೆ ಇದ್ದ ವೈರಿಗಳೆಲ್ಲ ಹದ್ದು ಗಿಡುಗಗಳಂಥ ಹಕ್ಕಿಗಳೇ. ಅವು ಬೇಟೆಯನ್ನು ಹುಡುಕುವುದು ಕಣ್ಣಿನಿಂದ. ಕಣ್ಣನ್ನು ವಂಚಿಸಲು ಕಾಕಾಪೋ ಕಲಿತ ಉಪಾಯಗಳು ಎರಡು: ಹಗಲಲ್ಲಿ ಹೊರಗೆ ಬಾರದಿರುವುದು, ಅಪಾಯ ಕಂಡಾಗ ಅಲುಗಾಡದೆ ನಿಂತುಬಿಡುವುದು. ಪಾಚಿಯ ಬಣ್ಣದ ಗರಿಗಳು ಕಾಡಿನ ಹಸುರಿನಲ್ಲಿ ಬೆರೆತು ಹಕ್ಕಿ ಇದ್ದೂ ಇಲ್ಲದಂತಾಗುತ್ತಿತ್ತು.

ಮನುಷ್ಯನು ಬಂದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಮಾವೋರಿಗಳ ಜೊತೆಯಲ್ಲಿ ನಾಯಿಯೂ ಪೆಸಿಫಿಕ್ ದ್ವೀಪಗಳ ಇಲಿಯೂ ಬಂದವು. ಯೂರೋಪಿನವರ ಜೊತೆಯಲ್ಲಿ ಬೆಕ್ಕು, ದೊಡ್ಡ ಇಲಿಗಳು ಬಂದವು. ತಾವೇ ತಂದು ಬಿಟ್ಟ ಮೊಲಗಳ ಹಾವಳಿಯನ್ನು ತಡೆಯಲೆಂದು 1880ರ ದಶಕದಲ್ಲಿ ಅವರು ಸ್ಟೋಟ್ ಎಂಬ, ನಮ್ಮ ಮುಂಗುಸಿಯನ್ನು ಸ್ವಲ್ಪ ಹೋಲುವ, ಪುಟ್ಟದಾದರೂ ಕ್ರೂರವಾದ ಮಾಂಸಾಹಾರಿಯನ್ನು ತರಿಸಿದರು. ಈ ಪ್ರಾಣಿಗಳು ಬೇಟೆಯನ್ನು ಹುಡುಕುವುದು ಮೂಗಿನಿಂದ. ಕಾಕಾಪೋ ಮೈಯಿಂದಲಾದರೋ ಸಿಹಿಯಾದ ಗಾಢ ವಾಸನೆಯೊಂದು ಸದಾ ಹೊಮ್ಮುತ್ತಿರುತ್ತದೆ. ವಾಸನೆ ಹಿಡಿದು ಬರುವ ವೈರಿಯ ಮುಂದೆ ಅಲುಗಾಡದೆ ನಿಂತರೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಹಕ್ಕಿಯನ್ನು ಉಳಿಸಲು ಮೊಟ್ಟಮೊದಲು ಕೈಹಾಕಿದವನು ರಿಚರ್ಡ್ ಹೆನ್ರಿ ಎಂಬಾತ. 1894ರಲ್ಲಿ ಅವನನ್ನು ದೇಶದ ನೈರುತ್ಯ ಮೂಲೆಯಲ್ಲಿರುವ ರೆಸೊಲ್ಯೂಷನ್ ದ್ವೀಪದ ಪಾಲಕನನ್ನಾಗಿ ನೇಮಿಸಿದರು. ಬಾಯಿಗೆ ಕುಕ್ಕೆ ಕಟ್ಟಿದ ನಾಯಿಯ ನೆರವಿನಿಂದ ಕಾಡಿನಲ್ಲಿ ಹಕ್ಕಿಗಳನ್ನು ಪತ್ತೆಮಾಡಿ, ದೋಣಿಯಲ್ಲಿಟ್ಟುಕೊಂಡು, ನೂರಾರು ಕಾಕಾಪೋ ಮತ್ತು ಕಿವಿ ಹಕ್ಕಿಗಳನ್ನು ಅವನು ದ್ವೀಪಗಳಿಗೆ ಸಾಗಿಸಿದನು. ಆದರೆ ದ್ವೀಪಕ್ಕೂ ನೆಲಕ್ಕೂ ನಡುವೆ ಇದ್ದುದು ಕಿರಿದಾದ ಜಲಸಂಧಿ. ಸ್ಟೋಟ್ ಈಜಬಲ್ಲ ಪ್ರಾಣಿ. 1900ರಲ್ಲಿ ಅದು ರೆಸೊಲ್ಯೂಷನ್ ದ್ವೀಪದಲ್ಲಿ ಕಾಣಿಸಿಕೊಂಡಿತು. ಆರು ವರ್ಷಗಳ ದುಡಿಮೆ ನೀರುಪಾಲಾಯಿತು. ಹೆನ್ರಿಯ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಅವನ ಯೋಚನೆಯೂ ಸರಿಯಾದುದೇ. ಕೊರತೆಯಿದ್ದುದು ನೀರಿನ ಅಗಲದಲ್ಲಿ.

ಆ ಬಳಿಕ ಹಲವು ದಶಕ ಈ ಹಕ್ಕಿ ಮರೆಯಾಗಿಯೇ ಇತ್ತು. 1970ರ ದಶಕದಲ್ಲಿ ಫಿಯರ್ಡ್‌ಲ್ಯಾಂಡ್‌ನ ದುರ್ಗಮ ಕಣಿವೆಗಳಲ್ಲಿ ಹುಡುಕಿದಾಗ ಕೆಲವು ಹಕ್ಕಿಗಳು ದೊರೆತವು. ಆದರೆ ಅವೆಲ್ಲ ಗಂಡುಗಳೇ! 1977ರಲ್ಲಿ ದಕ್ಷಿಣದ ಸ್ಟೂವರ್ಟ್ ದ್ವೀಪದಲ್ಲಿ ಮತ್ತೊಂದು ಗುಂಪು ಪತ್ತೆಯಾಯಿತು. 1980ರಲ್ಲಿ ಅಲ್ಲಿ ಹೆಣ್ಣು ಹಕ್ಕಿಯೂ ಕಂಡಾಗ ಬಲ್ಲವರಿಗೆ ಹೋದ ಜೀವ ಬಂದಂತಾಯಿತು. ಆದರೆ ಆ ದ್ವೀಪದಲ್ಲಿ ಕಾಡುಬಿದ್ದ ಬೆಕ್ಕುಗಳಿದ್ದವು. ಆದುದರಿಂದ 1980 ಮತ್ತು 1990ರ ದಶಕಗಳಲ್ಲಿ ಸಿಕ್ಕ ಹಕ್ಕಿಗಳನ್ನೆಲ್ಲ ಹಿಡಿದು ಬೆಕ್ಕೂ ಸ್ಟೋಟೂ ಇಲ್ಲದ ದ್ವೀಪಗಳಿಗೆ ಒಯ್ದರು. ಅವುಗಳಲ್ಲಿ ಮುಖ್ಯವಾದುದು ಸ್ಟೂವರ್ಟ್ ದ್ವೀಪದ ಪಕ್ಕದಲ್ಲಿರುವ, ಸುಮಾರು 14 ಚದರ ಕಿಲೋಮೀಟರ್ ವಿಸ್ತಾರದ ವೆನುವಾ ಹೋ ದ್ವೀಪ. ಇದಕ್ಕೆ ಕಾಡ್‌ಫಿಷ್ ದ್ವೀಪವೆಂಬ ಹೆಸರೂ ಉಂಟು. ಸ್ವಯಂಸೇವಕರ ಕಥೆ ನಡೆಯುವುದು ಬಹುಮಟ್ಟಿಗೆ ಇಲ್ಲಿ.

ಗೂಡಿನ ಬಳಿಯ ಎಚ್ಚರ

ಕಾಕಾಪೋ ಸಂಸಾರದಲ್ಲಿ ತಂದೆಗೆ ಪಾಲಿಲ್ಲ. ಜೊತೆಗೂಡುವಿಕೆ ಮುಗಿದೊಡನೆ ಗಂಡು ತನ್ನ ದಾರಿ ಹಿಡಿಯುತ್ತದೆ. ಒಂದರಿಂದ ನಾಲ್ಕು ಮೊಟ್ಟೆಗಳನ್ನಿಟ್ಟು ಸುಮಾರು ಒಂದು ತಿಂಗಳು ಕಾವು ಕೊಡುವುದು, ಬಳಿಕ ಮರಿಗಳನ್ನು ಸಾಕುವುದು ಎಲ್ಲವೂ ತಾಯಿಯ ಹೊಣೆ. ಗೂಡು ಇರುವುದು ನೆಲದ ಮಟ್ಟದಲ್ಲಿ, ಮರದ ಬುಡದ ಪೊಟರೆಯಲ್ಲೋ ಬೇರುಗಳ ಸಂದಿಯಲ್ಲೋ. ತಾಯಿ ಇರುಳಲ್ಲಿ ಮೇಯಲು ಹೊರಟರೆ ಗೂಡು ಅನಾಥ. 1998ರಲ್ಲಿ ಕೊನೆಯ ಇಲಿಯನ್ನೂ ನಿರ್ಮೂಲ ಮಾಡುವವರೆಗೆ ವೆನುವಾ ಹೋದಲ್ಲಿ ಪೆಸಿಫಿಕ್ ಇಲಿ ಇದ್ದಿತು. ಮೊಟ್ಟೆಯನ್ನೂ ಎಳೆಯ ಮರಿಯನ್ನೂ ಅದು ಬಿಡುತ್ತಿರಲಿಲ್ಲ. ಇಲಿಯ ಭಯ ನೀಗಿದ ಮೇಲೂ ಚಳಿಯ ಭಯ ಉಳಿಯಿತು.

ಈ ಚಳಿಯ ವಿಷಯದಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಸುತ್ತಲಿನ ಗಾಳಿಗೂ ವಸ್ತುವಿಗೂ ಇರುವ ಉಷ್ಣತೆಯ ಅಂತರ ಹೆಚ್ಚಿದಷ್ಟೂ ವಸ್ತು ಬೇಗ ತಣಿಯುತ್ತದೆಂದು ನ್ಯೂಟನ್ನನ ನಿಯಮ ಹೇಳುತ್ತದೆ. ಇದನ್ನು ಕಾಲೇಜಿನ ಮೊದಲ ವರ್ಷದಲ್ಲೇ ಕಲಿಸುತ್ತೇವೆ. ಇದರೊಡನೆ ಇನ್ನೊಂದು ಸಂಗತಿಯನ್ನು ಸೇರಿಸಬೇಕು. ಶಾಖ ಸೋರಿಹೋಗುವುದು ಮೈಯ ಮೇಲ್ಮೈಯಿಂದ; ಶಾಖ ಕೂಡಿರುವುದು ಮೈಯ ಒಡಲಲ್ಲಿ. ವಸ್ತು ಚಿಕ್ಕದಾದಷ್ಟೂ ಒಡಲಿಗೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಆಗತಾನೆ ಒಡೆದುಬಂದ ಮರಿಯ ತೂಕ 30 ಗ್ರಾಮಿನ ಆಸುಪಾಸು; ತಾಯಿಯ ತೂಕ ಒಂದೂವರೆ ಕಿಲೋಗ್ರಾಮ್ ಎನ್ನೋಣ. ಇಬ್ಬರ ಆಕಾರವೂ ಒಂದೇ ಎಂದು ಭಾವಿಸಿದರೆ, ಒಂದೊಂದು ಗ್ರಾಮಿಗೂ ಮರಿಯ ಮೇಲ್ಮೈ ತಾಯಿಯದಕ್ಕಿಂತ ಮೂರೂವರೆ ಪಟ್ಟಿಗೂ ಮಿಗಿಲು. ತಾಯಿಗಾದರೋ ಗರಿಗಳ ಹೊದಿಕೆ ಉಂಟು. ಮರಿಗೆ ತೆಳುವಾದ ತುಪ್ಪುಳವಷ್ಟೆ. ಹೀಗಿರುವಾಗ ತಾಯಿ ಹಿಂತಿರುಗುವುದು ತಡವಾದ ಚಳಿಯ ಇರುಳು ಮರಿಗೆ ಎಂಥದೆಂಬುದನ್ನು ಊಹಿಸಬಹುದು.

ಇಲ್ಲಿಯೇ ಸ್ವಯಂಸೇವಕರು ಬೇಕಾದುದು. ಗೂಡಿನಿಂದ ತುಸು ದೂರದಲ್ಲಿ ಒಂದು ಡೇರೆ. ಗೂಡಿನೊಳಗೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಕ್ಯಾಮರಾ. ಡೇರೆಯಲ್ಲಿ ಅದರ ಚಿತ್ರ ಮೂಡುವ ತೆರೆ. ಗೂಡಿನ ಬಾಯಿಗೆ ಅಡ್ಡಲಾಗಿ ಒಂದು ಅವಕೆಂಪು ಕಿರಣ. ತಾಯಿ ಹೊರಗೆ ಕಾಲಿಟ್ಟೊಡನೆ ಕಿರಣ ಕಡಿದು ಡೇರೆಯಲ್ಲಿ ಗಂಟೆ ಬಾರಿಸುತ್ತದೆ, ಮನೆಯ ಬಾಗಿಲ ಕರೆಗಂಟೆಯ ಹಾಗೆಯೇ. ಕಾವಲಿದ್ದವರು ಎದ್ದು, ಸದ್ದುಮಾಡದೆ ಹೋಗಿ, ಮೊಟ್ಟೆ ಮರಿಗಳ ಮೇಲೆ ವಿದ್ಯುತ್ತಿನಿಂದ ಬೆಚ್ಚಗಾಗುವ ಪುಟ್ಟ ಹೊದಿಕೆಯನ್ನು ಹೊದಿಸಿ ಬರಬೇಕು. ತಾಯಿ ಮರಳುವುದರೊಳಗೆ ಅದನ್ನು ತೆಗೆಯಬೇಕು. ಇಲಿಗಳಿದ್ದ ಕಾಲದಲ್ಲಿ, ಗೂಡಿನ ಹತ್ತಿರ ಸುಳಿದ ಇಲಿಯನ್ನು ದೂರದಿಂದಲೇ ಸದ್ದು ಮಾಡಿ ಬೆದರಿಸುವ ಏರ್ಪಾಡೂ ಇತ್ತು. ಮರಿಗಳನ್ನು ಆಗಾಗ ತೂಗಿ ಬರೆದಿಡಬೇಕು. ತೂಕ ಏರದ ಮರಿಯನ್ನು ಕೈಯಾಸರೆಯಲ್ಲಿ ಬೆಳೆಸಲು ಒಯ್ಯಬೇಕು. ಮಳೆ, ಕೆಸರು, ನಿದ್ದೆಗೇಡು ಇವೇ ಈ ಕಾವಲಿನ ಸಂಬಳ. ಇಂದು ಈ ಕೆಲಸದ ಒಂದು ಭಾಗವನ್ನು ದೂರದಿಂದಲೇ ಸುದ್ದಿ ಕಳುಹುವ ಉಪಕರಣಗಳು ವಹಿಸಿಕೊಂಡಿವೆ. ಆದರೆ ಹಕ್ಕಿಗಳ ಸಂಖ್ಯೆ ತೀರ ಕುಗ್ಗಿದ್ದ ದಿನಗಳಲ್ಲಿ ಮನುಷ್ಯರ ಎಚ್ಚರವೇ ಅವುಗಳಿಗೆ ದೊಡ್ಡ ಆಸರೆಯಾಗಿತ್ತು.

ತಕ್ಕಡಿ ಕಲಿಸಿದ ಪಾಠ

ಸ್ವಯಂಸೇವಕರ ಇನ್ನೊಂದು ಕೆಲಸ ನೋಡುವುದಕ್ಕೆ ಇನ್ನೂ ಸಾಮಾನ್ಯವಾದುದು: ಊಟ ಬಡಿಸುವುದು. ಒಂದೊಂದು ಹಕ್ಕಿಯ ಸಂಚಾರದ ಎಲ್ಲೆಯೊಳಗೆ ಅದಕ್ಕೆಂದೇ ಒಂದು ಆಹಾರದ ಪೆಟ್ಟಿಗೆ ಇಟ್ಟಿರುತ್ತಾರೆ. ಗುಳಿಗೆಯ ರೂಪದ ಆಹಾರವನ್ನು ಬೆನ್ನುಚೀಲದಲ್ಲಿ ಹೊತ್ತು, ಏರಿಳಿವಿನ ಕೆಸರುದಾರಿಗಳಲ್ಲಿ ನಡೆದು, ಪೆಟ್ಟಿಗೆಗಳನ್ನು ತುಂಬಿ ಬರಬೇಕು. ತುಂಬುವ ಮೊದಲು ಹಿಂದಿನ ಸಲದ ಉಳಿಕೆಯನ್ನು ತೂಗಬೇಕು. ಇಟ್ಟದ್ದೆಷ್ಟು, ಉಳಿದದ್ದೆಷ್ಟು, ತಿಂದದ್ದೆಷ್ಟು ಎಂಬುದನ್ನು ಗ್ರಾಮುಗಳಲ್ಲಿ ಬರೆದಿಡಬೇಕು. ಈ ತೂಗುವ ಕೆಲಸ ಬೇಸರದ್ದೆಂದು ತೋರಬಹುದು. ಆದರೆ ಕಾಕಾಪೋ ಉಳಿದ ಕಥೆಯ ತಿರುಳು ಇರುವುದು ಈ ತಕ್ಕಡಿಯಲ್ಲೇ.

ಅದನ್ನು ತಿಳಿಯಲು ಈ ಹಕ್ಕಿಯ ವಿಚಿತ್ರ ಸ್ವಯಂವರವನ್ನು ಸ್ವಲ್ಪ ತಿಳಿದಿರಬೇಕು. ರಿಮು ಎಂಬ ಮರ ಎರಡರಿಂದ ನಾಲ್ಕು ವರ್ಷಗಳಿಗೊಮ್ಮೆ ಹೇರಳವಾಗಿ ಫಲ ಬಿಡುತ್ತದೆ. ವೆನುವಾ ಹೋದ ಕಾಕಾಪೋಗಳು ಮರಿಮಾಡುವುದು ಸಾಮಾನ್ಯವಾಗಿ ಅಂಥ ವರ್ಷಗಳಲ್ಲಿ ಮಾತ್ರ. ಆಗ ಗಂಡುಗಳು ಗುಡ್ಡದ ನೆತ್ತಿಯಲ್ಲಿ ಬೋಗುಣಿಯಂಥ ಗುಳಿಗಳನ್ನು ತೋಡಿ, ಅದರಲ್ಲಿ ಕುಳಿತು, ಎದೆಯನ್ನು ಬಲೂನಿನಂತೆ ಉಬ್ಬಿಸಿ, ನಗಾರಿ ಬಡಿದಂತೆ 'ಗುಮ್ ಗುಮ್' ಎಂದು ಮೊಳಗುವುವು. ಈ ಮೊಳಗು ಸೆಕೆಂಡಿಗೆ 100ಕ್ಕಿಂತ ಕಡಮೆ ಕಂಪನಗಳುಳ್ಳದ್ದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಎಂದರೆ ಈ ಶಬ್ದದ ಅಲೆಯುದ್ದ ಮೂರೂವರೆ ಮೀಟರಿನಷ್ಟು ಅಥವಾ ಇನ್ನೂ ಹೆಚ್ಚು. ಇಷ್ಟು ಉದ್ದದ ಅಲೆಗೆ ಮರದ ಕಾಂಡಗಳು ಅಡ್ಡಿಯೇ ಅಲ್ಲ. ಅವನ್ನು ಬಳಸಿಕೊಂಡು ಅದು ಮುಂದೆ ಸಾಗುತ್ತದೆ. ಅನುಕೂಲವಾದ ರಾತ್ರಿಯಲ್ಲಿ ಐದು ಕಿಲೋಮೀಟರ್ ದೂರದವರೆಗೂ ಇದು ಕೇಳುವುದುಂಟು. ಆದರೆ ಇಂಥ ಶಬ್ದ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವುದು ಕಿವಿಗೆ ಕಷ್ಟ. ಅದಕ್ಕೂ ಗಂಡು ಉಪಾಯ ಮಾಡಿದೆ: ನಡುನಡುವೆ 'ಚಿಂಗ್' ಎಂಬ ಏರುದನಿಯೊಂದನ್ನು ಸೇರಿಸುತ್ತದೆ. ಗುಮ್ಮೆನ್ನುವ ದನಿ ಹೆಣ್ಣನ್ನು ದೂರದಿಂದ ಕರೆದರೆ, ಚಿಂಗೆನ್ನುವ ದನಿ ಹತ್ತಿರ ಬಂದವಳಿಗೆ ಜಾಗ ತೋರಿಸುತ್ತದೆ.

ಹೆಣ್ಣುಗಳು ನಡೆದು ಬಂದು ತಮಗೆ ಒಪ್ಪಿದವನನ್ನು ಆರಿಸಿಕೊಳ್ಳುತ್ತವೆ. ಪರಿಣಾಮವಾಗಿ ಕೆಲವೇ ಗಂಡುಗಳು ಬಹು ಮರಿಗಳ ತಂದೆಯಾಗುತ್ತವೆ. ಉಳಿದವುಗಳಿಗೆ ಸಂತಾನವೇ ಇಲ್ಲ. ಈಗ ತಾಯಿಯ ಕಡೆಯಿಂದ ಯೋಚಿಸೋಣ. ಬಲವಾದ ಮಗ ಹುಟ್ಟಿದರೆ ಅವನಿಂದ ಮೊಮ್ಮಕ್ಕಳು ಹಲವರು. ಬಡಕಲು ಮಗನಿಂದ ಒಬ್ಬರೂ ಇಲ್ಲ. ಮಗಳಾದರೆ ಹೇಗಿದ್ದರೂ ಕೆಲವು ಮೊಮ್ಮಕ್ಕಳು ಖಂಡಿತ. ಆದುದರಿಂದ ಚೆನ್ನಾಗಿ ಉಂಡ ತಾಯಿಗೆ ಗಂಡುಮರಿ ಲಾಭ, ಅರೆಹೊಟ್ಟೆಯ ತಾಯಿಗೆ ಹೆಣ್ಣುಮರಿ ಲಾಭ. ನಿಸರ್ಗದ ಆಯ್ಕೆ ಈ ಲಾಭನಷ್ಟವನ್ನು ಅನುಸರಿಸಿ ನಡೆಯಬೇಕೆಂದು 1973ರಲ್ಲಿ ಟ್ರಿವರ್ಸ್ ಮತ್ತು ವಿಲರ್ಡ್ ಎಂಬ ವಿದ್ವಾಂಸರು ವಾದಿಸಿದ್ದರು.

ಹಕ್ಕಿಗಳಿಗೆ ಹೆಚ್ಚಿನ ಆಹಾರ ಕೊಡಲು ತೊಡಗಿದವರ ಉದ್ದೇಶ ಸರಳವಾದುದು: ಪುಷ್ಟಿಯಾದ ತಾಯಿ ಹೆಚ್ಚು ಮರಿಮಾಡಲಿ. ಆದರೆ ವರ್ಷವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿದಾಗ ಕಂಡುದು ಬೇರೆ. ಹೆಚ್ಚಿನ ಆಹಾರ ಪಡೆದ ತಾಯಂದಿರ ಮರಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗಂಡುಗಳೇ ಆಗಿದ್ದವು! ಹೆಣ್ಣುಗಳೇ ವಿರಳವಾಗಿದ್ದ ಕುಲಕ್ಕೆ ಇದು ಸಣ್ಣ ಪೆಟ್ಟಲ್ಲ. ಹತ್ತು ಗಂಡುಗಳಿದ್ದು ಒಂದೇ ಹೆಣ್ಣಿದ್ದರೆ ಗೂಡು ಒಂದೇ. ಹತ್ತು ಹೆಣ್ಣುಗಳಿದ್ದು ಒಂದೇ ಗಂಡಿದ್ದರೂ ಗೂಡು ಹತ್ತಾಗಬಹುದು. ಕರುಣೆಯಿಂದ ಬಡಿಸಿದ ಅನ್ನವೇ ಕುಲಕ್ಕೆ ಕಂಟಕವಾಗುವುದರಲ್ಲಿತ್ತು.

ಹಾಗೆಂದು ಆಹಾರವನ್ನು ನಿಲ್ಲಿಸಿದರೆ ತಾಯಂದಿರು ಮೊಟ್ಟೆಯಿಡದೆ ಹೋಗಬಹುದು, ಮರಿಗಳು ಸೊರಗಬಹುದು. ಉಳಿದ ದಾರಿ ಒಂದೇ: ಅಳತೆ. ಮೊಟ್ಟೆಯಿಡಲು ಸಾಕಾಗುವಷ್ಟು ತೂಕ ಬರಬೇಕು, ಗಂಡುಮರಿಯ ಕಡೆಗೆ ವಾಲುವಷ್ಟು ಬರಬಾರದು. ಒಂದೊಂದು ಹೆಣ್ಣಿಗೂ ಅದರ ಮೈತೂಕವನ್ನು ನೋಡಿ ಪಡಿಯನ್ನು ಗೊತ್ತುಮಾಡಿದರು. ಪಡಿಯನ್ನು ಅಳೆದು ಪೆಟ್ಟಿಗೆಗೆ ಮುಟ್ಟಿಸಬೇಕಾದವರು ಮಾತ್ರ ಮೊದಲಿನಂತೆ ಬೆನ್ನುಚೀಲ ಹೊತ್ತವರೇ. 2002ರಲ್ಲಿ ರಿಮು ಹೇರಳವಾಗಿ ಫಲ ಬಿಟ್ಟಿತು. ಆ ವರ್ಷ ಬೆಳೆದು ನಿಂತ ಮರಿಗಳು 24. ಅವುಗಳಲ್ಲಿ ಹೆಣ್ಣುಗಳೇ ಹೆಚ್ಚು. 62 ಇದ್ದ ಕಾಕಾಪೋಗಳ ಸಂಖ್ಯೆ ಒಂದೇ ವರ್ಷದಲ್ಲಿ 86ಕ್ಕೆ ಏರಿತು. ಜೀವವಿಕಾಸದ ಸಿದ್ಧಾಂತವೊಂದನ್ನು ಅಳಿವಿನಂಚಿನ ಪ್ರಾಣಿಯ ಉಳಿವಿಗೆ ಹೀಗೆ ನೇರವಾಗಿ ಬಳಸಿದ ಉದಾಹರಣೆಗಳು ವಿರಳ. ಉಳಿಕೆಯ ಗುಳಿಗೆಗಳನ್ನು ಮಳೆಯಲ್ಲಿ ನಿಂತು ತೂಗಿದ ಕೈಗಳಿಲ್ಲದಿದ್ದರೆ, ಆ ಸಿದ್ಧಾಂತ ಪುಸ್ತಕದಲ್ಲೇ ಉಳಿಯುತ್ತಿತ್ತು.

ಅಕ್ಕರೆಗೂ ಒಂದು ಎಲ್ಲೆ

ಕಾಡುಪ್ರಾಣಿಯ ಸೇವೆಗೆ ಹೋಗುವವರ ಮನಸ್ಸಿನಲ್ಲಿ ಅದನ್ನು ಮುಟ್ಟಬೇಕು, ಮುದ್ದಿಸಬೇಕು ಎಂಬ ಆಸೆ ಇರುವುದು ಸಹಜ. ವೆನುವಾ ಹೋದಲ್ಲಿ ಅದಕ್ಕೆ ಎಡೆಯಿಲ್ಲ. ದ್ವೀಪಕ್ಕೆ ಹೊರಡುವ ಮುನ್ನವೇ ಪ್ರತಿಯೊಬ್ಬರ ಗಂಟುಮೂಟೆಗಳನ್ನೂ ಬಿಚ್ಚಿ ನೋಡುತ್ತಾರೆ. ಬೂಟಿನಲ್ಲಿ ಅಂಟಿದ ಮಣ್ಣಾಗಲಿ, ಕಾಲುಚೀಲಕ್ಕೆ ಸಿಕ್ಕಿದ ಕಳೆಬೀಜವಾಗಲಿ, ಚೀಲದೊಳಗೆ ಅವಿತ ಇಲಿಯಾಗಲಿ ದ್ವೀಪಕ್ಕೆ ಹೋಗಕೂಡದು. ಅಲ್ಲಿ ಹದಿನೈದು ದಿನ ದುಡಿದರೂ, ಹಕ್ಕಿ ಇರುಳಿನದಾದುದರಿಂದ, ಅದನ್ನು ಕಣ್ಣಾರೆ ಕಾಣುವುದು ಅಪರೂಪವೇ ಆಗಬಹುದು.

ಈ ಕಟ್ಟುನಿಟ್ಟಿಗೆ ಕಾರಣವುಂಟು. 1997ರಲ್ಲಿ ಹುಟ್ಟಿದ ಸಿರೋಕೋ ಎಂಬ ಗಂಡುಮರಿ ಉಸಿರಾಟದ ಕಾಯಿಲೆಗೆ ತುತ್ತಾದಾಗ ಅದನ್ನು ಮನುಷ್ಯರೇ ಸಾಕಿ ಬದುಕಿಸಿದರು. ಹಕ್ಕಿ ಬದುಕಿತು; ಆದರೆ ತನ್ನ ಜಾತಿಯನ್ನು ಮರೆತು ಮನುಷ್ಯರನ್ನೇ ತನ್ನವರೆಂದು ಬಗೆಯಿತು. 2009ರಲ್ಲಿ ಚಿತ್ರೀಕರಣಕ್ಕೆ ಬಂದ ಪ್ರಾಣಿಶಾಸ್ತ್ರಜ್ಞರೊಬ್ಬರ ತಲೆಯೇರಿ ಅದು ಪ್ರಣಯಕ್ಕೆ ತೊಡಗಿದ ದೃಶ್ಯ ಲೋಕವನ್ನೆಲ್ಲ ನಗಿಸಿತು. ಮರುವರ್ಷ ಸರ್ಕಾರ ಅದಕ್ಕೆ ನಿಸರ್ಗಸಂರಕ್ಷಣೆಯ 'ಅಧಿಕೃತ ವಕ್ತಾರ' ಎಂಬ ಪದವಿಯನ್ನೂ ಕೊಟ್ಟಿತು. ನಗು ಬಂದರೂ ಸಂಗತಿ ಗಂಭೀರವಾದುದೇ: ಒಂದೊಂದು ಹಕ್ಕಿಯೂ ಅಮೂಲ್ಯವಾದ ಕುಲದಲ್ಲಿ ಒಂದು ಗಂಡು ತನ್ನ ಜಾತಿಯ ಹೆಣ್ಣುಗಳತ್ತ ಒಲಿಯದೆ ಉಳಿಯಿತು. ಇದನ್ನು ಕಂಡ ಮೇಲೆ, ಕೈಯಾಸರೆಯಲ್ಲಿ ಬೆಳೆಸಬೇಕಾದ ಮರಿಗಳನ್ನು ಒಂಟಿಯಾಗಿಡದೆ ಬೇರೆ ಮರಿಗಳ ಜೊತೆಯಲ್ಲೇ ಬೆಳೆಸುತ್ತಾರೆ. ಸಾಧ್ಯವಾದಷ್ಟು ಬೇಗ ಗೂಡಿಗೆ ಮರಳಿಸುತ್ತಾರೆ.

ಮುಗಿಯದ ಕೆಲಸ

ಕಾಕಾಪೋ ಗೆದ್ದಿತೆಂದು ಹೇಳುವ ಕಾಲ ಇನ್ನೂ ಬಂದಿಲ್ಲ. 2019ರಲ್ಲಿ ಹಿಂದೆಂದೂ ಇಲ್ಲದಷ್ಟು, 70ಕ್ಕೂ ಹೆಚ್ಚು ಮರಿಗಳು ಬೆಳೆದವು. ಆದರೆ ಅದೇ ವರ್ಷ ಶ್ವಾಸಕೋಶಕ್ಕೆ ತಗಲುವ ಬೂಷ್ಟಿನ ರೋಗ ಹರಡಿ ಒಂಬತ್ತು ಹಕ್ಕಿಗಳು ಸತ್ತವು. ರೋಗ ತಗಲಿದ ಹಕ್ಕಿಗಳನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗಳಿಗೆ ಸಾಗಿಸಿ ಉಳಿದವನ್ನು ಬದುಕಿಸಬೇಕಾಯಿತು. ಕೆಲವೇ ಹಕ್ಕಿಗಳಿಂದ ಬೆಳೆದ ಕುಲವಾದುದರಿಂದ ಒಳಸಂಬಂಧದ ದೋಷವೂ ಇದೆ. ಇಟ್ಟ ಮೊಟ್ಟೆಗಳಲ್ಲಿ ಬಹಳಷ್ಟು ಫಲಿಸುವುದೇ ಇಲ್ಲ. ವೈರಿಗಳಿಲ್ಲದ ದ್ವೀಪಗಳೂ ಹಕ್ಕಿಗಳಿಂದ ತುಂಬುತ್ತಿವೆ. 2023ರ ಜುಲೈಯಲ್ಲಿ ನಾಲ್ಕು ಗಂಡುಗಳನ್ನು ಉತ್ತರ ದ್ವೀಪದಲ್ಲಿ ಬೇಲಿ ಹಾಕಿ ಕಾಯ್ದಿರುವ ಮೌಂಗಟೌಟರಿ ಗಿರಿಧಾಮಕ್ಕೆ ಬಿಟ್ಟು, ಪ್ರಧಾನ ಭೂಭಾಗದಲ್ಲಿ ಅವು ಬಾಳಬಲ್ಲವೇ ಎಂದು ಪರೀಕ್ಷಿಸಲು ಮೊದಲಿಟ್ಟರು.

ಇನ್ನು ಮುಂದೆಯೂ ರಿಮು ಫಲ ಬಿಡುವ ವರ್ಷಗಳಲ್ಲಿ ಕೈಗಳು ಬೇಕಾಗುವುವು. ಅಲ್ಲಿಗೆ ಹೋಗುವವರು ವಿಜ್ಞಾನದ ಪದವೀಧರರೇ ಆಗಬೇಕೆಂದಿಲ್ಲ. ಭಾರ ಹೊತ್ತು ನಡೆಯುವ ಕಾಲು, ಹೇಳಿದುದನ್ನು ಹೇಳಿದಂತೆಯೇ ಮಾಡುವ ತಾಳ್ಮೆ, ಕಂಡುದನ್ನು ಕಂಡಂತೆ ಬರೆಯುವ ಪ್ರಾಮಾಣಿಕತೆ ಇದ್ದರೆ ಸಾಕು. ಈ ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ರಿಚರ್ಡ್ ಹೆನ್ರಿಯ ಕಾಲದಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಮೊದಮೊದಲು ಧಾರಾಳವಾಗಿ ಆಹಾರ ಬಡಿಸಿದವರ ಕರುಣೆಗೂ ಕೊರತೆಯಿರಲಿಲ್ಲ. ಶ್ರದ್ಧೆ ಫಲಿಸಿದ್ದು, ಕರುಣೆ ಗುಣವಾದದ್ದು ಅವು ಅಳತೆಗೆ ಒಳಪಟ್ಟಾಗ. ದಣಿದ ಇರುಳಿನಲ್ಲಿ 'ಸುಮಾರಾಗಿ ಇಷ್ಟಿರಬಹುದು' ಎಂದು ಬರೆಯದೆ, ಮತ್ತೊಮ್ಮೆ ತಕ್ಕಡಿಗೆ ಹಾಕಿ ನೋಡಿ ಬರೆದ ಒಂದೊಂದು ಅಂಕಿಯೂ ಆ 252ರಲ್ಲಿ ಸೇರಿದೆ.